ಮನೆ ಒಕ್ಕಲಿಗೆ ತಂದ ಹಾಳೆ ತಟ್ಟೆ

ಅಡಿಕೆ ಹಾಳೆಯ, ಅಂದರೆ ಅಡಿಕೆ ಮರದ ಸೋಗೆಯ ಬುಡದಲ್ಲಿರುವ ಅಗಲವಾದ ಪೊರೆಯ ತಟ್ಟೆ ಕೊಳ್ಳುವಾಗ ಮೊದಲು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಮೂಸಿ ನೋಡಿ. ಸೂಜಿಮೊನೆಯಷ್ಟು ತೂತಿದ್ದರೂ ಬೆಳಕಿಗೆ ಕಾಣುತ್ತದೆ. ಹಾಳೆ ಮಳೆಯಲ್ಲಿ ನೆಂದು ಬೂಸ್ಟು ಹಿಡಿದಿದ್ದರೆ ಎಷ್ಟು ಉಜ್ಜಿ ತೊಳೆದರೂ ಮುಗ್ಗಲು ವಾಸನೆ ಹೋಗುವುದಿಲ್ಲ. ಈ ಎರಡು ಪರೀಕ್ಷೆಯಲ್ಲಿ ಪಾಸಾದ ತಟ್ಟೆಯನ್ನು ನಿಶ್ಚಿಂತೆಯಿಂದ ಊಟಕ್ಕಿಡಬಹುದು ಎಂದು ನಾನು ಈ ವರ್ಷದವರೆಗೂ ಎಲ್ಲರಿಗೂ ಹೇಳುತ್ತಿದ್ದೆ. ಈಗ ಅದಕ್ಕೆ ಇನ್ನೊಂದೆರಡು ಮಾತು ಸೇರಿಸಬೇಕಾಗಿದೆ.

ಏಪ್ರಿಲ್ ಕೊನೆಯಲ್ಲಿ ತೀರ್ಥಹಳ್ಳಿ ಹತ್ತಿರ ನನ್ನ ತಮ್ಮನ ಮನೆ ಒಕ್ಕಲು ಇತ್ತು. ಪಂಕ್ತಿಯಲ್ಲಿ ಕೂತು ಉಣ್ಣುವವರಿಗೆ ಬಾಳೆ ಎಲೆ. ಅದರಲ್ಲಿ ಚರ್ಚೆಯೇ ಇರಲಿಲ್ಲ. ಮಂಡಿನೋವಿನವರು, ಶಿವಮೊಗ್ಗ-ಬೆಂಗಳೂರಿನಿಂದ ಬಂದು ತಡಮಾಡದೆ ಹೊರಡುವವರು, ಮಕ್ಕಳು, ಇವರಿಗೆಲ್ಲ ನಿಂತು ಉಣ್ಣುವ ವ್ಯವಸ್ಥೆ ಬೇಕಿತ್ತು. ಅದಕ್ಕೆ ಮುನ್ನೂರು ತಟ್ಟೆ, ಅಷ್ಟೇ ದೊನ್ನೆ ತರಿಸುವ ಕೆಲಸ ನನ್ನ ಪಾಲಿಗೆ ಬಂತು. ಪೇಟೆಯ ಅಂಗಡಿಗಳಲ್ಲಿ ವಿಚಾರಿಸಿದ ಮೇಲೆ ಕೊಪ್ಪ ರಸ್ತೆಯ ಬದಿಯಲ್ಲಿ ಗಂಡ ಹೆಂಡತಿ ನಡೆಸುವ ಒಂದು ಸಣ್ಣ ಘಟಕಕ್ಕೇ ಹೋದೆ. ಹನ್ನೆರಡು ಇಂಚಿನ ತಟ್ಟೆಗೆ ಆರು ರೂಪಾಯಿ, ದೊನ್ನೆಗೆ ಎರಡು. ಅಂಗಡಿಗಿಂತ ತುಸು ಕಡಿಮೆಯೇ. ಆದರೆ ನಾನು ಹೋದದ್ದು ದುಡ್ಡು ಉಳಿಸಲಿಕ್ಕಲ್ಲ, ಮಾಡುವುದನ್ನು ಕಣ್ಣಾರೆ ನೋಡಲಿಕ್ಕೆ.

ಹಾಳೆಯನ್ನು ತೊಟ್ಟಿಯ ನೀರಿನಲ್ಲಿ ನೆನೆಹಾಕಿ, ಉಜ್ಜಿ ತೊಳೆದು, ನೀರು ಸೋರಲಿ ಎಂದು ಗೋಡೆಗೆ ಒರಗಿಸಿಡುತ್ತಾರೆ. ಇನ್ನೂ ಮೆತ್ತಗಿರುವಾಗಲೇ ಬಿಸಿ ಅಚ್ಚಿಗೆ ಕೊಟ್ಟು ಒತ್ತುತ್ತಾರೆ. ಚುಂಯ್ ಎಂದು ಆವಿ ಎದ್ದು, ನೋಡನೋಡುತ್ತಿದ್ದಂತೆ ತಟ್ಟೆ ಗಟ್ಟಿಯಾಗಿ ಹೊರಬರುತ್ತದೆ. ಅಂಟು, ಬಣ್ಣ, ಮೇಣ ಏನೂ ಇಲ್ಲ. ಅಂಚು ಕತ್ತರಿಸಿದ ಚೂರುಗಳು ಪಕ್ಕದ ಕೊಟ್ಟಿಗೆಗೆ ಹೋಗುತ್ತವೆ.

ನನಗೆ ಮುಖ್ಯವಾಗಿ ಕೇಳಬೇಕಿದ್ದದ್ದು ತೋಟಕ್ಕೆ ಹೊಡೆಯುವ ಔಷಧಿಯ ವಿಷಯ. ಅಡಿಕೆ ಕಾಯಿಯನ್ನು ಕೊಳೆಸುವ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯದ ತೋಟ ನಮ್ಮ ಕಡೆ ಎಲ್ಲಿದೆ? ಎಲೆಚುಕ್ಕಿ ರೋಗ ಹಬ್ಬಿದ ಮೇಲಂತೂ ಬೇರೆ ಬೇರೆ ಶಿಲೀಂಧ್ರನಾಶಕಗಳೂ ತೋಟಕ್ಕೆ ಬಂದಿವೆ. ಕೇಳಿದಾಗ ಆಕೆ ಕೈಕೆಲಸ ಬಿಡದೆಯೇ ಹೇಳಿದಳು: "ಕೊಳೆ ಔಷಧಿ ಹೊಡೆಯೋದು ಮಳೆಗಾಲದಲ್ಲಿ ಅಕ್ಕಾ. ನಾವು ಹಾಳೆ ಹೆಕ್ಕೋದು ಬೇಸಿಗೇಲಿ. ನೀಲಿ ಕಲೆ ಕಂಡಿದ್ದನ್ನ ಒಳಗೇ ತರಲ್ಲ." ಬದಿಗೆ ಹಾಕಿದ್ದ ರಾಶಿಯನ್ನೂ ತೋರಿಸಿದಳು. ಈ ಒಂದು ಪ್ರಶ್ನೆಯನ್ನು ತಟ್ಟೆ ಕೊಳ್ಳುವ ಪ್ರತಿಯೊಬ್ಬರೂ ಕೇಳಬೇಕು. ಅಂಗಡಿಯಲ್ಲಿ ಕೇಳಿದರೆ ಉತ್ತರ ಸಿಗುವುದು ಕಷ್ಟ. ಮಾಡುವವರ ಬಳಿ ಹೋಗಿ ಎನ್ನುವುದು ಅದಕ್ಕೇ.

ಇನ್ನು ಊಟದ ದಿನ. ಕೋಸಂಬರಿ, ಹಲಸಿನಕಾಯಿ ಪಲ್ಯ, ಚಿತ್ರಾನ್ನ, ಹೋಳಿಗೆ, ಅನ್ನ, ಸಾರು, ಹುಳಿ, ಅಪ್ಪೆಹುಳಿ, ಮಜ್ಜಿಗೆ. ತಟ್ಟೆ ಎಲ್ಲವನ್ನೂ ಹೊತ್ತುಕೊಂಡಿತು. ಹೋಳಿಗೆಯ ಮೇಲೆ ಸುರಿದ ತುಪ್ಪ ಕೆಳಗಿಳಿಯಲಿಲ್ಲ. ಕುದಿಯುವ ಸಾರು ಬಿದ್ದಾಗಲೂ ಹಿಡಿದ ಅಂಗೈ ಸುಡಲಿಲ್ಲ. ಕಾಗದದ ತಟ್ಟೆಯ ಹಾಗೆ ನಡುವೆ ಬಾಗಿ ಸೀರೆಯ ಮೇಲೆ ಹುಳಿ ಚೆಲ್ಲಿತೆಂದು ಯಾರೂ ಹೇಳಲಿಲ್ಲ. ಬಿಸಿ ಅನ್ನಕ್ಕೆ ಹಾಳೆಯ ತೆಳುವಾದ ವಾಸನೆ ಏರುತ್ತದೆ. ನನಗೆ ಅದು ಇಷ್ಟ, ಮಕ್ಕಳಿಗೆ ಅಷ್ಟಾಗಿ ಹಿಡಿಸಲಿಲ್ಲ.

ದೊನ್ನೆ ಮಾತ್ರ ನಿರಾಸೆ ಮಾಡಿತು. ಬಾಗಿದ ಕಡೆ ಹಾಳೆಯ ನಾರು ಸೀಳಿ ಪಾಯಸ ಜಿನುಗಿತು. ಚಪ್ಪಟೆ ತಟ್ಟೆಗೆ ಆಗಿ ಬರುವ ಹಾಳೆಯನ್ನು ಆಳಕ್ಕೆ ಒತ್ತಿದರೆ ಹೀಗಾಗುತ್ತದೆ. ಪಾಯಸಕ್ಕೆ, ಮಜ್ಜಿಗೆಗೆ ಸ್ಟೀಲ್ ಲೋಟವೇ ಸರಿ. ತೊಳೆಯಲು ನಾಲ್ಕು ಕೈ ಹೆಚ್ಚು ಬೇಕು, ಅಷ್ಟೆ. ಇನ್ನೊಂದು ತಕರಾರು: ತಟ್ಟೆಗಳನ್ನು ಇಪ್ಪತ್ತೈದರ ಕಟ್ಟು ಮಾಡಿ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತುತ್ತಾರೆ. "ಮಳೆಗಾಲಕ್ಕೆ ಹಾಗೇ ಇಟ್ರೆ ಬೂಸ್ಟು ಬರತ್ತಲ್ಲ" ಎಂಬ ಅವರ ಮಾತು ನಿಜ. ಬೇಸಿಗೆಯಲ್ಲಿ ಆ ಕಾರಣ ಇಲ್ಲವಲ್ಲ ಎಂದು ಕೇಳಿ ಗೋಣಿಚೀಲದಲ್ಲಿ ತುಂಬಿಸಿಕೊಂಡು ಬಂದೆ.

ಈಗ ಅಮೆರಿಕದ ಸುದ್ದಿ. 2025ರ ಮೇ ತಿಂಗಳಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಅಡಿಕೆ ಹಾಳೆಯ ತಟ್ಟೆ-ಬಟ್ಟಲುಗಳಿಗೆ ಆಹಾರ ಮುಟ್ಟುವ ಅನುಮತಿ ಇಲ್ಲ ಎಂದು ಹೇಳಿತು. ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ಆಲ್ಕಲಾಯ್ಡುಗಳು, ಅಂದರೆ ಗಿಡದಲ್ಲೇ ಹುಟ್ಟುವ ರಾಸಾಯನಿಕಗಳು, ಹಾಳೆಯಿಂದ ಊಟಕ್ಕೆ ಇಳಿಯಬಹುದು ಎಂಬುದು ಅವರ ಆತಂಕ. ನಮ್ಮ ಕಡೆ ಇದನ್ನು ಕೇಳಿದ ಕೂಡಲೇ ಬರುವ ಉತ್ತರ, ಅಜ್ಜ-ಮುತ್ತಜ್ಜಂದಿರ ಕಾಲದಿಂದ ಹಾಳೆ ಬಳಸಿದ್ದೇವೆ, ಯಾರಿಗೆ ಏನಾಗಿದೆ ಎಂಬುದು. ಹಾಳೆ ಟೋಪಿ ಹಾಕಿದ್ದೇವೆ, ಎಳೆಮಗುವನ್ನು ಹಾಳೆಯಲ್ಲಿ ಮಲಗಿಸಿ ಮೀಯಿಸಿದ್ದೇವೆ, ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆದುಕೊಂಡು ಆಡಿದ್ದೇವೆ, ಎಲ್ಲ ನಿಜ. ಆದರೆ ಟೋಪಿ ಹಾಕುವುದು ಬೇರೆ, ಅದೇ ಹಾಳೆಯ ಮೇಲೆ ಬಿಸಿ ಹುಳಿ ಬಡಿಸಿಕೊಂಡು ಉಣ್ಣುವುದು ಬೇರೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಮೊದಲ ಗುಂಪಿನ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂಬುದು ಖಚಿತವಾದ, ಕ್ಯಾನ್ಸರ್‌ಕಾರಕ ಎಂದು ಹೆಸರಿಸಿ ವರ್ಷಗಳೇ ಆಗಿವೆ. ಅಡಿಕೆ ಜಗಿಯುವುದಕ್ಕೂ ಹಾಳೆಯ ಮೇಲೆ ಒಂದು ಹೊತ್ತು ಉಣ್ಣುವುದಕ್ಕೂ ಬಹಳ ಅಂತರವಿದೆ ಎಂದು ನಾನು ನಂಬುತ್ತೇನೆ. ಆದರೆ ನಂಬಿಕೆಯನ್ನು ಅಳೆದು ತೋರಿಸಬೇಕಾದದ್ದು ಪ್ರಯೋಗಾಲಯ. ಬಿಸಿ, ಹುಳಿ, ಜಿಡ್ಡು, ಯಾವುದರ ಜೊತೆ ಎಷ್ಟು ಹೊತ್ತಿಗೆ ಏನು ಇಳಿಯುತ್ತದೆ ಎಂಬ ಲೆಕ್ಕ ಹಳ್ಳಿಯ ಸಣ್ಣ ಘಟಕದವರ ಕೈಗೆ ಕನ್ನಡದಲ್ಲಿ ಸಿಗಬೇಕು. ಆ ಖರ್ಚನ್ನು ಎರಡು ಅಚ್ಚಿನ ಯಂತ್ರ ಇಟ್ಟುಕೊಂಡ ದಂಪತಿಯ ಮೇಲೆ ಹೊರಿಸುವುದು ಅನ್ಯಾಯ. ಅಡಿಕೆಯಿಂದ ಬದುಕುವ ಊರಿನ ಸಹಕಾರ ಸಂಘಗಳು, ಸರ್ಕಾರ ಅದನ್ನು ಹೊರಬೇಕು.

ಅಲ್ಲಿಯವರೆಗೆ ನನ್ನ ಮನೆಯ ನಿಯಮ ಇದು: ವರ್ಷದಲ್ಲಿ ಬರುವ ಮದುವೆ, ಮುಂಜಿ, ಒಕ್ಕಲಿಗೆ ಹಾಳೆ ತಟ್ಟೆ ಆಗಬಹುದು. ದಿನಾ ಉಣ್ಣಲಿಕ್ಕೆ ಬೇಡ. ಹುಳಿ, ಸಾರು ಸುರಿದು ಗಂಟೆಗಟ್ಟಲೆ ಇಡುವುದು ಬೇಡ.

ಹಾಗೆಂದು ಒಳಗೆ ಪ್ಲಾಸ್ಟಿಕ್ ಪದರ ಮೆತ್ತಿದ ಕಾಗದದ ತಟ್ಟೆಗೆ ಮರಳಿ ಹೋಗುವ ಮಾತೇ ಇಲ್ಲ. ನಮ್ಮ ರಾಜ್ಯ 2016ರಲ್ಲೇ ಪ್ಲಾಸ್ಟಿಕ್ ತಟ್ಟೆ-ಲೋಟ ನಿಷೇಧಿಸಿತು, 2022ರ ಜುಲೈ 1ರಿಂದ ದೇಶವೇ ನಿಷೇಧಿಸಿತು. ಆದರೂ 2025ರಲ್ಲಿ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಕುತ್ತಿದ್ದ ಸುದ್ದಿ ಓದಿದೆವು. ಈಗ ರೀಲ್ಸ್‌ನಲ್ಲಿ ಪರಿಸರಸ್ನೇಹಿ ಮದುವೆಗಳ ಚಿತ್ರ ಬರುತ್ತವೆ: ಹಾಳೆ ತಟ್ಟೆ, ಸೆಣಬಿನ ತೋರಣ, ತಾವರೆ ಹೂವು. ನೋಡಲಿಕ್ಕೆ ಚೆಂದವೇ. ಉಂಡ ಮೇಲೆ ತಟ್ಟೆ ಎಲ್ಲಿಗೆ ಹೋಯಿತು ಎಂಬುದನ್ನು ಯಾರೂ ತೋರಿಸುವುದಿಲ್ಲ. ಕಲ್ಯಾಣ ಮಂಟಪದ ಹಿಂದೆ ನೀರಿನ ಬಾಟಲಿ, ಐಸ್‌ಕ್ರೀಮ್ ಕಪ್ಪಿನ ಜೊತೆ ಒಂದೇ ಚೀಲಕ್ಕೆ ತುಂಬಿದರೆ ಹಾಳೆ ತಟ್ಟೆಯೂ ಕಸವೇ.

ತೋಟದಲ್ಲಿ ಉದುರಿದ ಹಾಳೆ ಅಲ್ಲೇ ಕೊಳೆತು ಮರದ ಬುಡಕ್ಕೆ ಮುಚ್ಚಿಗೆಯಾಗುತ್ತಿತ್ತು. ಅದನ್ನು ನಾವು ಹೆಕ್ಕಿ ತಂದಿದ್ದೇವೆ, ಆದ್ದರಿಂದ ಉಂಡ ಮೇಲೆ ಮಣ್ಣಿಗೆ ಸೇರಿಸುವುದು ನಮ್ಮದೇ ಕೆಲಸ. ತಮ್ಮನ ಮನೆಯಲ್ಲಿ ಎಂಜಲು ತಟ್ಟೆಗೆ ಬೇರೆ ಬುಟ್ಟಿ ಇಟ್ಟು, ಪಕ್ಕದಲ್ಲಿ ಅತ್ತಿಗೆಯ ತಮ್ಮನನ್ನು ನಿಲ್ಲಿಸಿದ್ದೆವು. ಸಂಜೆಗೆ ಎಲ್ಲವನ್ನೂ ಮುರಿದು, ಸಗಣಿ ನೀರು ಚಿಮುಕಿಸಿ, ಗೊಬ್ಬರದ ಗುಂಡಿಗೆ ಸೊಪ್ಪಿನ ಜೊತೆ ಪದರ ಪದರವಾಗಿ ಹಾಕಿದರು. ಇಡೀ ತಟ್ಟೆಯನ್ನು ಹಾಗೇ ಎಸೆದರೆ ಒಳಗೆ ನೀರು ಇಳಿಯದೆ ಬಹಳ ದಿನ ಗಟ್ಟಿಯಾಗಿಯೇ ಉಳಿಯುತ್ತದೆ, ಮುರಿಯಲೇಬೇಕು.

ತಟ್ಟೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ದೊನ್ನೆಗೆ ಎರಡು. ಗುಂಡಿ ತೋಡಲು ಜಾಗವಿಲ್ಲದ ಪೇಟೆಯ ಮನೆಯವರು ತಟ್ಟೆ ಕೊಳ್ಳುವ ಮೊದಲೇ ತೋಟವಿರುವ ನೆಂಟರನ್ನೋ ಪರಿಚಯದ ರೈತರನ್ನೋ ಮಾತಾಡಿಸಿಟ್ಟುಕೊಳ್ಳಿ. ಖಾಲಿ ಗೋಣಿಚೀಲ ಹೇಗೂ ಇರುತ್ತದೆ, ಎಂಜಲು ತಟ್ಟೆಗಳನ್ನು ಅದರಲ್ಲೇ ತುಂಬಿ ಕಳಿಸಬಹುದು.