ಡ್ರೈವ್-ಇನ್, ಮಲ್ಟಿಪ್ಲೆಕ್ಸ್, ಹಿತ್ತಲ ಪ್ರೊಜೆಕ್ಟರ್: ಮೂರೂ ನೋಡಿದ್ಮೇಲೆ ನನ್ನ ಓಟು

ಅಮೆರಿಕಾದಲ್ಲಿ ಚಿಕ್ಕ ಮಕ್ಳನ್ನ ಕರ್ಕೊಂಡು ಸಿನಿಮಾಗೆ ಎಲ್ಲಿಗೆ ಹೋಗೋದು ಅಂತ ಕೇಳೋರಿಗೆ ನಾನು ಹೇಳೋದು ಇಷ್ಟೇ, ಒಂದೇ ಕುಟುಂಬದೋರು ನಡೆಸ್ತಿರೋ ಡ್ರೈವ್-ಇನ್ (ಬಯಲಲ್ಲಿ ಕಾರ್ ನಿಲ್ಸಿ, ಅದ್ರಲ್ಲೇ ಕೂತು ದೊಡ್ಡ ಸ್ಕ್ರೀನಲ್ಲಿ ಸಿನಿಮಾ ನೋಡೋ ಥಿಯೇಟರ್) ಹತ್ರದಲ್ಲಿದ್ರೆ ಬೇಸಿಗೇಲಿ ಮೊದ್ಲು ಅಲ್ಲಿಗೆ ಹೋಗಿ.

ಬರೀ ಪಿಕ್ಚರು, ಸೌಂಡು ಅಂದ್ರೆ ಮಲ್ಟಿಪ್ಲೆಕ್ಸೇ ಮುಂದೆ, ಅದ್ರಲ್ಲಿ ಎರಡು ಮಾತಿಲ್ಲ. ಡ್ರೈವ್-ಇನ್ನಲ್ಲಿ ಕತ್ತಲೆ ಸೀನ್ ಬಂದ್ರೆ ಯಾರು ಯಾರನ್ನ ಹೊಡೀತಿದಾರೆ ಅಂತ್ಲೇ ಗೊತ್ತಾಗಲ್ಲ. ಆದ್ರೆ ಮಲ್ಟಿಪ್ಲೆಕ್ಸಲ್ಲಿ ಮಗು ಅತ್ರೆ ಎತ್ಕೊಂಡು ಹೊರಗೋಡ್ಬೇಕು, ನಂಗಂತೂ ಅರ್ಧ ಸಿನಿಮಾ ಕಾರಿಡಾರಲ್ಲೇ ಮುಗ್ದಿದೆ. 1933ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡನ್ ಹತ್ರ ರಿಚರ್ಡ್ ಹಾಲಿಂಗ್ಸ್‌ಹೆಡ್ ಮೊದಲ ಡ್ರೈವ್-ಇನ್ ತೆರೆದಾಗ್ಲೇ, ಮಕ್ಳು ಎಷ್ಟೇ ಗಲಾಟೆ ಮಾಡಿದ್ರೂ ಇಡೀ ಫ್ಯಾಮಿಲಿ ಬರ್ಬಹುದು ಅಂತ ಪ್ರಚಾರ ಮಾಡಿದ್ನಂತೆ, ಆ ಮಾತು ಈಗ್ಲೂ ನಿಜ.

ಹಿತ್ತಲಲ್ಲಿ ಪ್ರೊಜೆಕ್ಟರ್ ಹಾಕಿದ್ರೆ ಖರ್ಚು ಕಮ್ಮಿ, ಆದ್ರೆ ಗಾಳಿಗೆ ಬೆಡ್‌ಶೀಟ್ ಅಲ್ಲಾಡುತ್ತೆ, ಯಾರೋ ಎದ್ದು ಮಧ್ಯದಲ್ಲೇ ಸಿನಿಮಾ ನಿಲ್ಲಿಸ್ತಾರೆ, ಸಿನಿಮಾ ಮುಗಿಯೋದೇ ಇಲ್ಲ.

ನಾವು ಹೋಗೋದು ಪೆನ್ಸಿಲ್ವೇನಿಯಾದ ಒಂದು ಡ್ರೈವ್-ಇನ್‌ಗೆ. ಟಿಕೆಟ್ ಕೊಡೋದು ಅಪ್ಪ, ಸ್ನ್ಯಾಕ್ ಕೌಂಟರಲ್ಲಿ ಅಮ್ಮ, ಟಾರ್ಚ್ ಹಿಡ್ಕೊಂಡು ಗಾಡಿ ನಿಲ್ಲಿಸೋದು ಮಗ. ನೆಲ ಸಾಲುಸಾಲಾಗಿ ದಿಣ್ಣೆ ಮಾಡಿರೋದ್ರಿಂದ ಕಾರಿನ ಮೂತಿ ಮೇಲಕ್ಕಿರುತ್ತೆ, ಹಿಂದಿನ ಸಾಲಿನೋರಿಗೂ ಸ್ಕ್ರೀನ್ ಕಾಣುತ್ತೆ. ನಾವು ಗಾಡಿ ತಿರುಗಿಸಿ ನಿಲ್ಸಿ ಡಿಕ್ಕಿ ಬಾಗಿಲು ಪೂರ್ತಿ ತೆಗೆದಿದ್ವಿ, ಆ ಹುಡುಗ ಬಂದು ಹಿಂದಿನೋರಿಗೆ ಅಡ್ಡ ಆಗುತ್ತೆ ಆಂಟಿ... ಅಂದ್ರೆ ಅಮೆರಿಕದ ಹುಡ್ಗ, ಮ್ಯಾಮ್ ಅಂದ, ಅಂದು ತಾನೇ ಹಗ್ಗ ತಂದು ಬಾಗಿಲನ್ನ ಕಾರಿನ ಚಾವಣಿ ಮಟ್ಟಕ್ಕೆ ಕೆಳಗೆ ಎಳೆದು ಕಟ್ಟಿಕೊಟ್ಟು ಹೋದ. ಕತ್ತಲಾಗೋವರೆಗೂ ಮಕ್ಳು ಸ್ಕ್ರೀನ್ ಮುಂದೆ ಚೆಂಡಾಟ ಆಡ್ತಾರೆ, ಪಕ್ಕದ ಕಾರಿನೋರ ಪರಿಚಯ ಆಗುತ್ತೆ, ಈ ಹೊತ್ತು ಬೇರೆರಡು ಕಡೆ ಸಿಗೋದೇ ಇಲ್ಲ.

ಇವ್ರು ಉಳ್ಕೊಂಡಿರೋದೇ ದೊಡ್ಡದು. 1950ರ ದಶಕದ ಕೊನೇಲಿ ಅಮೆರಿಕಾದಲ್ಲಿ ಸುಮಾರು 4,000 ಡ್ರೈವ್-ಇನ್ ಇದ್ವು, ಈಗ ಕೆಲವೇ ನೂರು. 2013ರ ಸುಮಾರಿಗೆ ಸ್ಟುಡಿಯೋಗಳು 35 ಎಂಎಂ ರೀಲ್ ಕಮ್ಮಿ ಮಾಡ್ತಾ ಬಂದಾಗ ಡಿಜಿಟಲ್ ಪ್ರೊಜೆಕ್ಟರ್‌ಗೆ ಹತ್ತಾರು ಸಾವಿರ ಡಾಲರ್ ಹಾಕೋಕಾಗ್ದೆ ಎಷ್ಟೋ ಮುಚ್ಚಿದ್ವು. ಟಿಕೆಟ್ ದುಡ್ಡಲ್ಲಿ ದೊಡ್ಡ ಪಾಲು ಸ್ಟುಡಿಯೋಗೆ ಹೋಗುತ್ತೆ, ಇವ್ರ ಹೊಟ್ಟೆ ತುಂಬಿಸೋದು ಪಾಪ್‌ಕಾರ್ನೇ. ಹೊರಗಿನ ತಿಂಡಿ ತರೋಕೆ ಕೆಲವು ಕಡೆ ಪರ್ಮಿಟ್ ಅಂತ ಚಾರ್ಜ್ ಮಾಡ್ತಾರೆ, ಬೇಜಾರ್ ಮಾಡ್ಕೋಬೇಡಿ, ನಾವು ಪುಳಿಯೋಗರೆ ತಗೊಂಡ್ ಹೋದ್ರೂ ಕೌಂಟರಲ್ಲಿ ಏನಾದ್ರೂ ಕೊಂಡೇ ಕೊಳ್ತೀವಿ.

ಹೋಗೋರು ಸೊಳ್ಳೆ ಕ್ರೀಮು, ಸ್ವೆಟರು, ಬ್ಯಾಟರಿ ಎಫ್‌ಎಂ ರೇಡಿಯೋ ಮರೀಬೇಡಿ, ಸೌಂಡ್ ಬರೋದು ಎಫ್‌ಎಂನಲ್ಲೇ, ಕಾರ್ ರೇಡಿಯೋ ಒಂದಾದ್ಮೇಲೊಂದು ಎರಡು ಸಿನಿಮಾ ಪೂರ್ತಿ ಹಾಕಿದ್ರೆ ವಾಪಸ್ ಹೊರಡೋವಾಗ ಗಾಡಿ ಸ್ಟಾರ್ಟ್ ಆಗದೇ ಇರ್ಬಹುದು.