ಸೀಟ್ ಹೊಲಿಯುವ ಅಂಗಡಿಯಲ್ಲಿ ಎದ್ದು ನಿಂತ ಗೋಲ್‌ಕೀಪರ್ ಕಿಟ್

ಶಿವಮೊಗ್ಗದ ಬಿ.ಎಚ್. ರಸ್ತೆಯಿಂದ ಒಳಕ್ಕೆ ಹೋಗುವ ಒಂದು ಅಡ್ಡರಸ್ತೆಯಲ್ಲಿ, ಪಂಕ್ಚರ್ ಅಂಗಡಿಯ ಪಕ್ಕ, ಬೈಕ್ ಸೀಟ್ ಹೊಲಿಯುವ ಅಂಗಡಿ ಇದೆ. ಬೋರ್ಡಿನಲ್ಲಿ ಈಗ ‘ಸೀಟ್ ವರ್ಕ್ಸ್’ ಅಂತಷ್ಟೇ ಓದಲು ಬರುತ್ತದೆ, ಅದರ ಮುಂದಿದ್ದ ಹೆಸರು ಮಳೆಗೆ ಅಳಿಸಿಹೋಗಿದೆ. ನಾನು ಅಲ್ಲಿಗೆ ಒಯ್ದದ್ದು ಸೀಟಲ್ಲ. ಹಾಕಿ ಗೋಲ್‌ಕೀಪರ್ ಕಾಲಿಗೆ ಕಟ್ಟುವ ಪ್ಯಾಡು, ಪಾದಕ್ಕೆ ಕಟ್ಟುವ ಕಿಕ್ಕರು. ನಮ್ಮ ಕಾಲೇಜಿನ ಹುಡುಗಿಯರ ತಂಡಕ್ಕೆ ನಾನೇ ಗೋಲಿ, ಫೈನಲ್ ಇಯರ್ ಬಿ.ಎಸ್ಸಿ. ಇನ್ನು ಹನ್ನೊಂದು ದಿನಕ್ಕೆ ಕುವೆಂಪು ವಿಶ್ವವಿದ್ಯಾಲಯದ ಅಂತರ ಕಾಲೇಜು ಟೂರ್ನಿ. ನನಗಿದು ಕೊನೆಯದು.

ಕಿಟ್ ನನ್ನದಲ್ಲ, ಕಾಲೇಜಿನದು. ನನಗಿಂತ ಮುಂಚೆ ಇಬ್ಬರು ಅಕ್ಕಂದಿರು ಹಾಕಿದ್ದಾರೆ. ನಾವು ಪ್ರಾಕ್ಟೀಸ್ ಮಾಡುವುದು ಕೆಂಪು ಮಣ್ಣಿನ ಮೈದಾನದಲ್ಲಿ, ಮಳೆ ಕಳೆದ ಮೇಲೆ ಜಂಬಿಟ್ಟಿಗೆ ಹರಳು ಮೇಲೆದ್ದು ಬರುತ್ತದೆ. ಒಂದೊಂದು ಸಲ ಕಾಲು ಚಾಚಿ ಬಿದ್ದಾಗಲೂ ಕಿಕ್ಕರಿನ ಅಂಚು ಒಂದಿಷ್ಟು ಸವೆಯುತ್ತದೆ. ಅದು ಸಾಲದು ಅಂತ ದಸರಾ ರಜೆಗೆ ಕಿಟ್ಟನ್ನು ಹೊಸನಗರದ ನಮ್ಮ ಮನೆಗೆ ಒಯ್ದಿದ್ದೆ. ಬಸ್ ಇಳಿದು ಮನೆ ಸೇರುವಷ್ಟರಲ್ಲಿ ಮಳೆಗೆ ಪೂರ್ತಿ ತೊಯ್ದಿತ್ತು. ಅಮ್ಮ ಅಕ್ಕರೆಯಿಂದ ಅದನ್ನು ಬಚ್ಚಲೊಲೆ ಮೇಲೆ ತೂಗುಹಾಕಿ ಎರಡು ರಾತ್ರಿ ಒಣಗಿಸಿದಳು. ಈ ಫೋಮಿಗೆ ಬಿಸಿ ಆಗಿಬರುವುದಿಲ್ಲ. ಪದರಗಳ ನಡುವಿನ ಅಂಟು ಬಿಟ್ಟಿತು, ಎಡಗಾಲಿನ ಕಿಕ್ಕರಿನ ಮೂತಿ ದೋಣಿಯ ಹಾಗೆ ಮೇಲಕ್ಕೆದ್ದಿತು. ನಿಮ್ಮ ಮನೆಯಲ್ಲೂ ಇಂಥ ಕಿಟ್ ಇದ್ದರೆ ದಯವಿಟ್ಟು ನೆರಳಲ್ಲಿ, ಗಾಳಿಗೆ ಒಣಗಿಸಿ.

ಮೊದಲು ಹೋದದ್ದು ಒಂದು ಆಟದ ಸಾಮಾನಿನ ಅಂಗಡಿಗೆ. ಅವರು ಪ್ಯಾಡನ್ನು ತಿರುಗಿಸಿ ಕೂಡ ನೋಡಲಿಲ್ಲ. “ಇದೆಲ್ಲ ರಿಪೇರಿ ಆಗಲ್ಲ, ಹೊಸ ಸೆಟ್ ತರಿಸಿಕೊಡ್ತೀವಿ, ಹದಿನಾಲ್ಕು ಸಾವಿರ” ಅಂದರು. ನಮ್ಮ ತಂಡಕ್ಕೆ ಈ ವರ್ಷ ಸಿಕ್ಕ ದುಡ್ಡು ಚೆಂಡಿಗೆ, ಬಸ್ ಚಾರ್ಜಿಗೆ, ಊಟಕ್ಕೆ ಸರಿಹೋಗುತ್ತದೆ. ಸೀಟ್ ಅಂಗಡಿಯನ್ನು ತೋರಿಸಿದ್ದು ನಮಗೆ ಆಟ ಕಲಿಸುವ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ) ಸರ್. ಅವರ ಬೈಕಿನ ಸೀಟು ಅಲ್ಲಿ ಹೊಲಿಸಿ ಆರು ವರ್ಷವಾಯಿತಂತೆ, ಇನ್ನೂ ಒಂದು ಹೊಲಿಗೆ ಬಿಟ್ಟಿಲ್ಲ.

ಅಂಗಡಿಯ ಅಂಕಲ್ ಕಿಕ್ಕರನ್ನು ಕೈಗೆ ತಗೊಂಡು ಹೆಬ್ಬೆರಳಿಂದ ಒತ್ತಿದರು, ಮೂಸಿ ನೋಡಿದರು, ಆಮೇಲೆ ಕೇಳಿದರು: “ಇದು ಏನ್ ಕೆಲ್ಸ ಮಾಡ್ಬೇಕಮ್ಮ? ಏಟು ತಡ್ಕೊಂಡ್ರೆ ಸಾಕಾ, ಇಲ್ಲಾ ಚೆಂಡು ವಾಪಸ್ ಹೋಗ್ಬೇಕಾ?”

ಇಷ್ಟು ಸರಿಯಾದ ಪ್ರಶ್ನೆಯನ್ನು ನನ್ನ ಹತ್ತಿರ ಯಾರೂ ಕೇಳಿರಲಿಲ್ಲ. ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ, ಕಲ್ಲಿನಂತೆ ಗಟ್ಟಿ. ಏಟು ತಡೆಯುವುದು ಅರ್ಧ ಕೆಲಸ ಮಾತ್ರ. ಚೆಂಡು ಬಡಿದು ದೂರ ಚಿಮ್ಮಬೇಕು, ಅದೂ ಪಕ್ಕಕ್ಕೆ. ಕಿಕ್ಕರ್ ಮೆತ್ತಗಾದರೆ ಚೆಂಡು ಕಾಲ ಬುಡದಲ್ಲೇ ಸತ್ತು ಬೀಳುತ್ತದೆ, ಎದುರಿನ ಫಾರ್ವರ್ಡ್ ಬಂದು ಸುಮ್ಮನೆ ತಳ್ಳಿದರೂ ಗೋಲು. ಇದನ್ನೆಲ್ಲ ಹೇಳಿದೆ. ಅವರು ಬೈಕ್ ಸೀಟಿನ ಫೋಮನ್ನು ಪಕ್ಕಕ್ಕಿಟ್ಟರು. “ಇದು ಕೂತ್ಕೊಳ್ಳಕ್ಕೆ, ಚೆಂಡನ್ನ ನುಂಗ್ಬಿಡುತ್ತೆ” ಅಂದು, ಚಪ್ಪಲಿ ಅಟ್ಟೆಗೆ ಹಾಕುವ ಗಟ್ಟಿ ಇವಿಎ ಶೀಟ್ ತರಲು ಹುಡುಗನನ್ನು ಕಳಿಸಿದರು. ನಡುವಿನ ಸತ್ತುಹೋದ ಪದರವನ್ನಷ್ಟೇ ಕೆತ್ತಿ ತೆಗೆದು, ಆ ಜಾಗಕ್ಕೆ ಈ ಶೀಟನ್ನು ಎರಡು ಪದರ ಸೊಲ್ಯೂಷನ್ ಹಚ್ಚಿ ಕೂರಿಸಿ, ಮೇಲೆ ಕಲ್ಲು ಹೇರಿ ಒಂದು ರಾತ್ರಿ ಬಿಟ್ಟರು. ಸವೆದ ಅಂಚಿಗೆ ದಪ್ಪ ರೆಕ್ಸಿನ್ ಸುತ್ತಿ, ಮಿಷನ್ ಹೋಗದ ಕಡೆ ದಬ್ಬಳದಲ್ಲಿ ಕೈಹೊಲಿಗೆ ಹಾಕಿದರು. ಕಿತ್ತುಹೋಗಿದ್ದ ಬೆಲ್ಟುಗಳ ಬದಲಿಗೆ ಸ್ಕೂಲ್ ಬ್ಯಾಗಿನ ನೈಲಾನ್ ಪಟ್ಟಿ, ಹೊಸ ಬಕಲ್.

ಕಾಲಿನ ಪ್ಯಾಡಿನ ಅಂಚಿಗೂ ಇನ್ನೊಂದಿಂಚು ಫೋಮ್ ಸೇರಿಸಿ ಅಗಲ ಮಾಡಿಕೊಡುತ್ತೇನೆ ಅಂದಿದ್ದರು, ಪ್ರೀತಿಯಿಂದ. ಬೇಡ ಅಂದೆ. ನಿಯಮದ ಪ್ರಕಾರ ಪ್ಯಾಡ್ ಕಾಲಿಗೆ ಕಟ್ಟಿದಾಗ 300 ಮಿಲಿಮೀಟರ್‌ಗಿಂತ ಅಗಲ ಇರುವಂತಿಲ್ಲ. ಅವರು ತಕ್ಷಣ ಟೇಪ್ ತೆಗೆದು ಎರಡೂ ಕಾಲಿನದನ್ನು ಅಳೆದು, ಒಳಗೆ ಪೆನ್ನಿನಲ್ಲಿ ಬರೆದಿಟ್ಟರು. ಅಂಪೈರ್ ಕೇಳಿದರೆ ತೋರಿಸಬಹುದು ಅಂತ.

ಒಂದು ತಪ್ಪಾಯಿತು. ಕಿಕ್ಕರಿನ ಬಕಲ್ ಯಾವಾಗಲೂ ಪಾದದ ಹೊರಬದಿಗೆ ಬರಬೇಕು, ಒಳಬದಿಗೆ ಬಂದರೆ ಓಡುವಾಗ ಒಂದಕ್ಕೊಂದು ಸಿಕ್ಕಿಕೊಂಡು ಮುಗ್ಗರಿಸುತ್ತೇವೆ. ಅವರು ಎರಡನ್ನೂ ಒಂದೇ ಕಡೆಗೆ ಹೊಲಿದಿದ್ದರು, ಬಲಗಾಲಿನದು ಒಳಕ್ಕೆ ಬಂದಿತ್ತು. ಬಿಚ್ಚಿ ಮತ್ತೆ ಹೊಲಿದು ಕೊಟ್ಟರು, ಆದರೆ ಅದರಿಂದ ಒಂದು ದಿನ ತಡವಾಯಿತು, ಒಂದು ಪ್ರಾಕ್ಟೀಸ್ ಹಳೇ ಬೂಟಿನಲ್ಲೇ ಕಳೆಯಿತು. ಇನ್ನೊಂದು, ಎಡಗೈ ಗಾರ್ಡಿನ ಬುಡದಲ್ಲಿ ಹೊಲಿಗೆ ಕೊಂಚ ದಪ್ಪವಾಗಿ ಮಣಿಕಟ್ಟಿಗೆ ಒತ್ತುತ್ತದೆ, ಒಳಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದೇನೆ. ಹೆಲ್ಮೆಟಿನ ಜಾಲರಿಯ ಒಂದು ಕಂಬಿ ಬಿಟ್ಟಿತ್ತು, ಅದನ್ನೂ ಕೊಟ್ಟೆ. ತಿರುಗಿಸಿ ನೋಡಿ ವಾಪಸ್ ನನ್ನ ಕೈಗಿಟ್ಟರು. “ತಲೇದು ನಾನು ಮುಟ್ಟಲ್ಲ ಮಗಾ. ವೆಲ್ಡಿಂಗ್ ಮಾಡ್ಸಿ ಹಾಕ್ಕೋಬೇಡ, ಬೇರೇದು ತಗೋ.” ದುಡ್ಡು ಬರುವ ಕೆಲಸವನ್ನು ಹೀಗೆ ಬೇಡ ಅಂದದ್ದಕ್ಕೆ ನನಗೆ ಅವರ ಹೊಲಿಗೆಯ ಮೇಲೂ ನಂಬಿಕೆ ಹೆಚ್ಚಾಯಿತು. ಹೆಲ್ಮೆಟ್ ಈಗ ಹಿಂದಿನ ಗೋಲಿ ಅಕ್ಕನಿಂದ ಎರವಲು ಬಂದಿದೆ.

ಒಟ್ಟು ಬಿಲ್ಲು 650 ರೂಪಾಯಿ. ಅದರಲ್ಲಿ 180 ಶೀಟಿನದು.

ಮರುದಿನ ಪರೀಕ್ಷೆ ಮಾಡಿದೆವು. ಗೋಲಿನ ಮುಂದೆ ಬಳಿದ ಡಿ ವೃತ್ತದ ನೆತ್ತಿಯಿಂದ, ಅಂದರೆ ಗೋಲಿನಿಂದ 14.63 ಮೀಟರ್ ದೂರದಿಂದ, ನಮ್ಮ ಸೆಂಟರ್ ಹಾಫ್ ಇಪ್ಪತ್ತು ಚೆಂಡು ಹೊಡೆದಳು. ಒಲೆಗೆ ಸಿಕ್ಕಿದ ಮೇಲೆ ಎಡಗಾಲಿಗೆ ಬಡಿದ ಚೆಂಡು ಎರಡು ಹೆಜ್ಜೆ ದಾಟುತ್ತಿರಲಿಲ್ಲ. ಈಗ ಆರೇಳು ಹೆಜ್ಜೆ, ಪಾದ ತಿರುಗಿಸಿದ ದಿಕ್ಕಿಗೇ. ಬಲಗಾಲಿನಷ್ಟು ಚುರುಕು ಇನ್ನೂ ಇಲ್ಲ, ಹೊಸ ಕಿಟ್ಟಿನಷ್ಟಂತೂ ಇಲ್ಲ. ಆದರೆ ನಂಬಿ ಕಾಲು ಚಾಚಬಹುದು.

ಎರಡು ಹೆಜ್ಜೆ, ಆರು ಹೆಜ್ಜೆಯ ಲೆಕ್ಕ ನಮಗೆ ಯಾಕೆ ಇಷ್ಟು ಮುಖ್ಯ ಅಂದರೆ, ಡ್ರಾ ಬಂದಿದೆ. ಆರು ತಂಡ, ಸೋತರೆ ಮನೆಗೆ. ಕಳೆದ ವರ್ಷ ಫೈನಲ್ ಆಡಿದ ಎರಡೂ ತಂಡಕ್ಕೆ ಮೊದಲ ಸುತ್ತಿನಲ್ಲಿ ಬೈ, ಅಂದರೆ ಆಡದೆಯೇ ನೇರ ಸೆಮಿಫೈನಲ್ಲಿಗೆ. ನಮಗೆ ಮೊದಲ ಪಂದ್ಯ ಭದ್ರಾವತಿಯವರ ಮೇಲೆ, ಬೆಳಗ್ಗೆ ಒಂಬತ್ತಕ್ಕೆ. ಗೆದ್ದರೆ ಅದೇ ದಿನ ಮಧ್ಯಾಹ್ನ ಮೂರಕ್ಕೆ ಸೆಮಿಫೈನಲ್, ಚಿಕ್ಕಮಗಳೂರಿನವರ ಜೊತೆ. ಅವರು ಕಳೆದ ವರ್ಷದ ಚಾಂಪಿಯನ್ನರು, ಬೈ ಇರುವುದರಿಂದ ದಣಿಯದೆ ಬರುತ್ತಾರೆ. ಆಚೆ ಕಡೆಯ ಅರ್ಧದಲ್ಲಿ ಸಾಗರ, ತೀರ್ಥಹಳ್ಳಿ, ಮತ್ತೆ ನಮ್ಮೂರಿನದೇ ಇನ್ನೊಂದು ಕಾಲೇಜು. ಫೈನಲ್ಲಿಗೆ ಆ ನಮ್ಮೂರಿನವರೇ ಬರುತ್ತಾರೆ ಅಂತ ನನ್ನ ಅಂದಾಜು.

ಭದ್ರಾವತಿಯವರ ಫಾರ್ವರ್ಡ್‌ಗಳಿಗೆ ದೂರದ ಹೊಡೆತ ಇಲ್ಲ, ಆದರೆ ಗೋಲಿನ ಬಾಯಲ್ಲೇ ಕಾಯುತ್ತಾರೆ. ಹೋದ ವರ್ಷ ನಮಗೆ ಹಾಕಿದ ಎರಡು ಗೋಲೂ ನನ್ನ ಕಾಲಿಂದ ಸಿಡಿಯದೆ ಉಳಿದ ಚೆಂಡೇ. ಆ ಪಂದ್ಯ ನಾವು 3-2ರಲ್ಲಿ ಗೆದ್ದೆವು, ಆದರೂ ಆ ಎರಡು ಗೋಲು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿವೆ. ಕಿಕ್ಕರ್ ಸರಿಯಿದ್ದರೆ ಈ ಪಂದ್ಯ ನಮ್ಮದು ಅಂತ ಧೈರ್ಯವಾಗಿ ಹೇಳುತ್ತೇನೆ.

ಚಿಕ್ಕಮಗಳೂರಿನವರ ಬಲ ಪೆನಾಲ್ಟಿ ಕಾರ್ನರ್, ಅಂದರೆ ನಾವು ಡಿ ಒಳಗೆ ತಪ್ಪು ಮಾಡಿದಾಗ ಅವರಿಗೆ ಸಿಗುವ ಹೊಡೆತ. ಆಗ ಗೋಲಿಯೂ ಸೇರಿ ನಾವು ಐದೇ ಮಂದಿ ಗೆರೆಯ ಹಿಂದೆ. ಮಣ್ಣಿನ ಮೈದಾನದಲ್ಲಿ ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಎಸೆಯುವ ಡ್ರ್ಯಾಗ್ ಫ್ಲಿಕ್ ಕಷ್ಟ, ಅವರು ಬಲವಾಗಿ ಹೊಡೆಯುವುದೇ ಹೆಚ್ಚು. ಹಾಗೆ ಹೊಡೆದ ಮೊದಲ ಹೊಡೆತ ಗೋಲಾಗಬೇಕಾದರೆ 46 ಸೆಂಟಿಮೀಟರ್ ಎತ್ತರದ ಹಲಗೆಯ ಮಟ್ಟ ಮೀರದೆ ಗೆರೆ ದಾಟಬೇಕು. ಅಂದರೆ ಚೆಂಡು ಬರುವುದು ನನ್ನ ಮೊಣಕಾಲಿಂದ ಕೆಳಗೇ. ಅಂಕಲ್ ಹೊಲಿದ ಜಾಗಕ್ಕೇ. ಈ ಪಂದ್ಯದಲ್ಲಿ ನಮ್ಮ ಹಾದಿ ಒಂದೇ, ಸಮ ಮಾಡಿಕೊಂಡು ಶೂಟೌಟಿಗೆ ಎಳೆಯುವುದು. ಅಲ್ಲಿ ಎದುರು ತಂಡದ ಹುಡುಗಿ 23 ಮೀಟರ್ ಗೆರೆಯಿಂದ ಚೆಂಡು ತರುತ್ತಾಳೆ, ಎಂಟು ಸೆಕೆಂಡು, ಅವಳು ಮತ್ತು ನಾನು. ಅಲ್ಲಿ ನನಗೆ ಭಯವಿಲ್ಲ. ಬೆಲ್ಟ್ ಸಡಿಲವಾಗಿ ಪ್ಯಾಡ್ ತಿರುಗುತ್ತಿದ್ದಾಗ ಪಕ್ಕಕ್ಕೆ ಜಾರಲು ಅಂಜುತ್ತಿದ್ದೆ, ಈಗ ಕಾಲಿಗೆ ಅಂಟಿ ಕೂರುತ್ತದೆ. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದ ಕಂಚಿನ ಪಂದ್ಯದಲ್ಲಿ ಭಾರತದ ಗೋಲಿ ಸವಿತಾ ಪೂನಿಯಾ ನ್ಯೂಜಿಲೆಂಡ್ ವಿರುದ್ಧದ ಶೂಟೌಟನ್ನು 2-1ರಲ್ಲಿ ಗೆದ್ದುಕೊಟ್ಟಿದ್ದನ್ನು ನಾನು ಹಾಸ್ಟೆಲಿನಲ್ಲಿ ಎಷ್ಟು ಸಲ ನೋಡಿದ್ದೇನೋ. ಸವಿತಾ ಅಕ್ಕ ಆತುರಪಡುವುದಿಲ್ಲ. ಚೆಂಡಿನವಳೇ ಮೊದಲು ತಿರುಗಲಿ ಅಂತ ಕಾಯುತ್ತಾರೆ. ಪಿ.ಡಿ. ಸರ್ ಹೇಳುವುದು ಇನ್ನೂ ಹಳೆಯ ಕತೆ, 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್ಲಿನದು. ಕೊರಿಯಾದ ಪೆನಾಲ್ಟಿ ಸ್ಟ್ರೋಕುಗಳನ್ನು ತಡೆದು ಚಿನ್ನ ತಂದುಕೊಟ್ಟ ಗೋಲಿ ಆಶಿಶ್ ಬಲ್ಲಾಳ್ ನಮ್ಮ ಕರ್ನಾಟಕದವರು.

ನೂರಕ್ಕೆ ಎಷ್ಟು ಅಂತ ಕೇಳಿದರೆ, ಭದ್ರಾವತಿ ಮೇಲೆ ಎಪ್ಪತ್ತು, ಚಿಕ್ಕಮಗಳೂರಿನ ಮೇಲೆ ಮೂವತ್ತೈದು. ಫೈನಲ್ ತಲುಪಿದರೆ ಐವತ್ತು, ಯಾಕೆಂದರೆ ನಮ್ಮೂರಿನವರ ಜೊತೆ ವಾರಕ್ಕೊಮ್ಮೆ ಆಡಿ ಅವರ ಒಂದೊಂದು ತಿರುವೂ ನನಗೆ ಗೊತ್ತು. ಒಂದು ಆತಂಕ ಇದೆ. ಬೆಳಗಿನ ಪಂದ್ಯಕ್ಕೆ ಮಳೆ ಬಂದರೆ ಮಧ್ಯಾಹ್ನದೊಳಗೆ ಕಿಟ್ ಒಣಗುವುದಿಲ್ಲ. ಅಂಕಲ್ ಸುತ್ತಿದ ರೆಕ್ಸಿನ್ ನೀರನ್ನು ಎಷ್ಟು ಹೊತ್ತು ತಡೆಯುತ್ತದೆ ಅಂತ ಒದ್ದೆ ಮೈದಾನದಲ್ಲಿ ಒಂದು ದಿನ ಪೂರ್ತಿ ಆಡಿ ನೋಡಬೇಕು.

ಗೆದ್ದರೂ ಸೋತರೂ ಅಲ್ಲಿಂದಲೇ ವಿಶ್ವವಿದ್ಯಾಲಯದ ತಂಡವನ್ನು ಆರಿಸುತ್ತಾರೆ. ಅದು ದಕ್ಷಿಣ ವಲಯದ ಟೂರ್ನಿಗೆ ಹೋಗುತ್ತದೆ, ಅಲ್ಲಿ ಮೊದಲ ನಾಲ್ಕರಲ್ಲಿ ಬಂದರೆ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಟೂರ್ನಿ. ವಲಯದಲ್ಲಿ ಎದುರಾಗುವ ಕೊಡಗಿನ ಹುಡುಗಿಯರು ಬೇರೆಯೇ ಮಟ್ಟ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡುತ್ತಲೇ ಬೆಳೆದವರು, ಪೊನ್ನಂಪೇಟೆಯಲ್ಲಿ ಟರ್ಫ್ ಮೇಲೆ ಆಡಿದವರು. ಅವರ ಹೊಡೆತವನ್ನು ಒಂದು ಸಲ ಎದುರಿಸಬೇಕು ಅಂತ ನನಗೆ ಬಹಳ ಆಸೆ.

ಅಂಗಡಿಗೆ ಹೋಗುವವರಿಗೆ: ಬೆಳಗ್ಗೆ ಹತ್ತರ ಮೇಲೆ ಹೋಗಿ, ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ಕೂರಲು ಜಾಗವಿಲ್ಲ, ಸೊಲ್ಯೂಷನ್ ವಾಸನೆಗೆ ತಲೆ ಹಿಡಿಯುತ್ತದೆ, ಹಾಗಾಗಿ ಕೊಟ್ಟು ಬನ್ನಿ. ಎರಡು ದಿನ ಅಂದರೆ ಮೂರು ದಿನ ಅಂತ ಲೆಕ್ಕ ಇಟ್ಟುಕೊಳ್ಳಿ. ಎಡ ಯಾವುದು, ಬಲ ಯಾವುದು, ಬಕಲ್ ಯಾವ ಕಡೆ ಅಂತ ಚಾಕ್‌ಪೀಸಿನಲ್ಲಿ ಬರೆದೇ ಕೊಡಿ. ಕ್ರಿಕೆಟ್ ಪ್ಯಾಡ್, ಕಿಟ್ ಬ್ಯಾಗಿನ ಜಿಪ್ಪು ಕೂಡ ಮಾಡುತ್ತಾರೆ. ನಾನು ದುಡ್ಡು ಕೊಟ್ಟು ಹೊರಡುವಾಗ ಅಂಕಲ್ ಪಂದ್ಯ ಯಾವತ್ತು ಅಂತ ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ಶನಿವಾರಕ್ಕೆ ಒಂದು ಗುಂಡು ಸುತ್ತಿಕೊಂಡರು. ಬೆಳಗಿನ ಪಂದ್ಯದಲ್ಲಿ ಏನಾದರೂ ಕಿತ್ತುಹೋದರೆ ಮಧ್ಯಾಹ್ನ ಮೂರರ ಪಂದ್ಯದೊಳಗೆ ಹೊಲಿದುಕೊಡಲು ದಬ್ಬಳ, ದಾರ ಹಿಡಿದು ಮೈದಾನಕ್ಕೇ ಬರುತ್ತಾರಂತೆ.