ಡಿಸ್ಕೇಲಿಂಗ್ ಪುಡಿ: ಬೋರ್‌ವೆಲ್ ನೀರಿನ ಮನೆಯಲ್ಲಿ ಐದು ವರ್ಷದ ಬಳಕೆ

ವಾಷಿಂಗ್ ಮಷೀನ್ ಜೊತೆಗೆ ಅಂಗಡಿಯವರು ಕೈಗಿಡುವ ಡಿಸ್ಕೇಲಿಂಗ್ ಪುಡಿ, ಅಂದರೆ ನೀರಿನ ಸುಣ್ಣದ ಪೊರೆ ಕರಗಿಸುವ ಪುಡಿ, ಒಳ್ಳೆಯ ಸರಕೇ. ಆದರೆ ಪೊಟ್ಟಣದ ಮೇಲೆ ಹೇಳಿಕೊಂಡಿರುವುದರಲ್ಲಿ ಅರ್ಧವನ್ನಷ್ಟೇ ಅದು ಮಾಡುತ್ತದೆ. ಉಳಿದರ್ಧ ನಮ್ಮ ಕೈಕೆಲಸ.

ನಮ್ಮ ಮನೆ ಇರುವುದು ಬೆಂಗಳೂರಿನ ಅಂಚಿನಲ್ಲಿ, ಕಾವೇರಿ ಇನ್ನೂ ಬಾರದ ಬಡಾವಣೆಯಲ್ಲಿ. ವರ್ಷವಿಡೀ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರದಿರಲಿ, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಇರಬಹುದು ಎನ್ನುತ್ತದೆ ಭಾರತೀಯ ಮಾನಕ ಬ್ಯೂರೋದ ಮಾನದಂಡ. ನಮ್ಮ ನೀರು ಎರಡನೆಯ ಅಂಕಿಯ ನೆರೆಯಲ್ಲಿದೆ. ನಲ್ಲಿಯ ಮೂತಿ, ಬಕೆಟ್ಟಿನ ಅಂಚು, ಸ್ಟೀಲ್ ಚೊಂಬು ಎಲ್ಲಕ್ಕೂ ಬಿಳಿ ಪೊರೆ. ಮಷೀನು ಹೀಟರ್ ಇರುವ ಫ್ರಂಟ್ ಲೋಡ್. ಗಡಸು ನೀರು ಕಾದಾಗಲೇ ಸುಣ್ಣ ಬೇರ್ಪಟ್ಟು ಅಂಟಿಕೊಳ್ಳುವುದರಿಂದ ಮೊದಲ ಪೆಟ್ಟು ಹೀಟರಿಗೆ.

ಪುಡಿಯಲ್ಲಿರುವುದು ಮುಖ್ಯವಾಗಿ ಸಿಟ್ರಿಕ್ ಆಮ್ಲ, ಅಂದರೆ ಅಡುಗೆಮನೆಯ ನಿಂಬೆ ಉಪ್ಪು. ನಂಬಿಕೆ ಬಾರದಿದ್ದರೆ ಪೊರೆ ಕಟ್ಟಿದ ನಲ್ಲಿಯ ಜಾಲರಿಯನ್ನು ಬಿಚ್ಚಿ, ಒಂದು ಚಿಟಿಕೆ ಉದುರಿಸಿ, ಎರಡು ಹನಿ ನೀರು ಬಿಡಿ. ಬುರುಬುರು ಗುಳ್ಳೆ ಏಳುತ್ತದೆ. ಖಾಲಿ ಡ್ರಮ್ಮಿಗೆ 100 ಗ್ರಾಂ ಪೊಟ್ಟಣ ಸುರಿದು 60 ಡಿಗ್ರಿಯಲ್ಲಿ ಓಡಿಸಿ, ಮುಗಿದ ಮೇಲೆ ಕೆಳಗಿನ ಪಂಪ್ ಫಿಲ್ಟರ್ ತಿರುಗಿಸಿ ತೆಗೆದರೆ ಮೊಟ್ಟೆಯ ಸಿಪ್ಪೆಯಂಥ ಬಿಳಿ ಚೂರುಗಳು ಸಿಗುತ್ತವೆ. ಜೊತೆಗೆ ಹೇರ್‌ಪಿನ್ನು, ಎರಡು ರೂಪಾಯಿ ನಾಣ್ಯ, ಯಾರದೋ ಅಂಗಿಯ ಗುಂಡಿ. ತಟ್ಟೆ, ಹಳೆಯ ಟವೆಲ್ ಇಟ್ಟುಕೊಂಡೇ ಬಿಚ್ಚಿ. ಒಳಗೆ ಉಳಿದ ನೀರೆಲ್ಲ ನೆಲಕ್ಕೆ ಬರುತ್ತದೆ.

ಇಷ್ಟಾದರೂ ನಮ್ಮ ಮಷೀನಿನ ಮುಗ್ಗಲು ವಾಸನೆ ಹೋಗುತ್ತಿರಲಿಲ್ಲ. ಕಾರಣ ಗೊತ್ತಾದದ್ದು ಬೇರಿಂಗ್ ಸದ್ದು ಮಾಡಿ, ಪರಿಚಯದ ಮೆಕ್ಯಾನಿಕ್ ಡ್ರಮ್ ಹೊರಗೆಳೆದಾಗ. ಹೀಟರ್ ಸುರುಳಿ ಹೆಚ್ಚುಕಡಿಮೆ ಲೋಹದ ಬಣ್ಣದಲ್ಲೇ ಇತ್ತು. ಅದಕ್ಕೆ ಪುಡಿಗೆ ಪೂರ್ತಿ ಅಂಕ. ಆದರೆ ಡ್ರಮ್ಮಿನ ಬೆನ್ನಿಗೆ ಮೂರು ತೋಳಿನ ಅಲ್ಯೂಮಿನಿಯಂ ಆಧಾರವೊಂದಿರುತ್ತದೆ. ಅದರ ಸಂದುಗಳಲ್ಲಿ ಬೂದು ಬಣ್ಣದ ಲೋಳೆ ಬೆರಳು ದಪ್ಪಕ್ಕೆ ಕೂತಿತ್ತು. ಅದನ್ನು ಕೆರೆದಲ್ಲಿ ಲೋಹ ಅಲ್ಲಲ್ಲಿ ಗುಳಿ ಬಿದ್ದಿತ್ತು. ಡಿಟರ್ಜೆಂಟ್, ಬಟ್ಟೆ ಮೆದುವಾಗಲೆಂದು ಹಾಕುವ ಕಂಡಿಷನರಿನ ಜಿಡ್ಡು, ಬಟ್ಟೆಯ ನೂಲು, ಮೈಯ ಕೊಳೆ ಎಲ್ಲ ಸೇರಿದ ಪಾಕ ಅದು. ಆಮ್ಲಕ್ಕೆ ಸುಣ್ಣ ಕರಗುತ್ತದೆ, ಜಿಡ್ಡು ಕರಗುವುದಿಲ್ಲ.

ಜಿಡ್ಡಿಗೆ ಬೇಕಾದದ್ದು ಕ್ಷಾರ ಮತ್ತು ಬಿಸಿ. ಈಗ ಸೋಡಿಯಂ ಪರ್‌ಕಾರ್ಬೊನೇಟ್, ಅಂದರೆ ಆಕ್ಸಿಜನ್ ಬ್ಲೀಚ್ ಪುಡಿ ಹಾಕಿ ಇನ್ನೊಂದು ಖಾಲಿ ಸುತ್ತು ಓಡಿಸುತ್ತೇನೆ, 60 ಡಿಗ್ರಿಯಲ್ಲೇ. ಮೊದಲ ಸಲ ಹೊರಬಂದ ನೀರು ಕಲಗಚ್ಚಿಗಿಂತ ಮೇಲಿರಲಿಲ್ಲ. ಎರಡನ್ನೂ ಒಟ್ಟಿಗೆ ಹಾಕಿ ಸಮಯ ಉಳಿಸೋಣ ಎಂಬ ಆಸೆ ಬೇಡ, ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ. ಕ್ಲೋರಿನ್ ಬ್ಲೀಚನ್ನಂತೂ ನಿಂಬೆ ಉಪ್ಪಿನ ಹತ್ತಿರಕ್ಕೂ ಒಯ್ಯಬೇಡಿ, ಏಳುವುದು ವಿಷಾನಿಲ. ಆಮ್ಲದ ನೀರನ್ನು ರಾತ್ರಿಯಿಡೀ ಒಳಗೆ ನಿಲ್ಲಿಸಿ ಎಂಬ ಸಲಹೆಯೂ ಓಡಾಡುತ್ತಿದೆ. ಅಲ್ಯೂಮಿನಿಯಂ, ರಬ್ಬರ್ ಎರಡಕ್ಕೂ ಅದು ಒಳ್ಳೆಯದಲ್ಲ.

ಬಾಗಿಲಿನ ರಬ್ಬರ್ ಪಟ್ಟಿಗೆ ಯಾವ ಪುಡಿಯೂ ಸಾಲದು. ಕೆಳಗಿನ ಮಡಿಕೆಯನ್ನು ಬಗ್ಗಿಸಿ ಬಟ್ಟೆ ಸುತ್ತಿದ ಬೆರಳಿನಿಂದ ಒರೆಸಬೇಕು, ಅಲ್ಲಿನ ಸಣ್ಣ ತೂತುಗಳಲ್ಲಿ ಕೂದಲು ಕೂತಿದೆಯೇ ನೋಡಬೇಕು. ರಬ್ಬರಿನೊಳಗೆ ಇಳಿದ ಕಪ್ಪು ಚುಕ್ಕೆ ಹೋಗುವುದಿಲ್ಲ, ಅದರೊಡನೆ ಗುದ್ದಾಡುವುದನ್ನು ನಾನು ಬಿಟ್ಟಿದ್ದೇನೆ. ಕಂಡಿಷನರನ್ನೂ ಬಿಟ್ಟೆ. ಒಗೆದ ಮೇಲೆ ಬಾಗಿಲು, ಡಿಟರ್ಜೆಂಟ್ ಟ್ರೇ ಎರಡೂ ತೆರೆದೇ ಇರುತ್ತವೆ. ವಾಸನೆ ಇಲ್ಲ.

‘ಡೀಪ್ ಕ್ಲೀನಿಂಗ್’ ಸೇವೆಯ ಬಗ್ಗೆಯೂ ಒಂದು ಮಾತು. ಅಧಿಕೃತ ಸರ್ವಿಸಿನಿಂದ ಬಂದ ಹುಡುಗ ಫಿಲ್ಟರ್ ತೊಳೆದ, ಎರಡು ಪೊಟ್ಟಣ ಸುರಿದ, ಬಿಲ್ ಕೊಟ್ಟು ಹೋದ. ಅವನನ್ನು ದೂರಿ ಫಲವಿಲ್ಲ, ಅವನಿಗೆ ಹೇಳಿಕೊಟ್ಟದ್ದೇ ಅಷ್ಟು. ಡ್ರಮ್ ಹೊರಬರುತ್ತದೆಯೇ ಎಂದು ಫೋನಿನಲ್ಲೇ ಕೇಳಿ, ಇಲ್ಲವೆಂದರೆ ಹಣ ಉಳಿಸಿ. ಇತ್ತೀಚಿನ ಹಲವು ಮಾದರಿಗಳಲ್ಲಿ ಡ್ರಮ್ ಕೂತಿರುವ ಹೊರತೊಟ್ಟಿಯನ್ನು ಬೆಸೆದೇ ಬಿಟ್ಟಿರುತ್ತಾರೆ, ಬಿಚ್ಚುವ ಮಾತೇ ಇಲ್ಲ. ಹೊಸದು ಕೊಳ್ಳುವವರು ಇದನ್ನೂ ವಿಚಾರಿಸಬೇಕು.

ಪುಡಿಗೆ ಐದರಲ್ಲಿ ಮೂರೂವರೆ ಕೊಡುತ್ತೇನೆ. ಅರ್ಧ ಅಂಕ ಕಡಿದದ್ದು ಬೆಲೆಗೆ: ದಿನಸಿ ಸಗಟು ಅಂಗಡಿಯ ನಿಂಬೆ ಉಪ್ಪು ಇದಕ್ಕಿಂತ ಅಗ್ಗ, ಕೆಲಸವೂ ಅದೇ. ಬೋರ್‌ವೆಲ್ ನೀರಾದರೆ ತಿಂಗಳಿಗೊಮ್ಮೆ ಬೇಕು. ಕಾವೇರಿ ನೀರು ಬರುವವರಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಸಾಕು. ಹೀಟರ್ ಇಲ್ಲದ, ತಣ್ಣೀರಿನಲ್ಲೇ ಒಗೆಯುವ ಟಾಪ್ ಲೋಡ್ ಇದ್ದರೆ ಸುಣ್ಣಕ್ಕಿಂತ ಜಿಡ್ಡಿನದೇ ಕಾಟ. ಅಂಥವರು ಮೊದಲು ಕೊಳ್ಳಬೇಕಾದದ್ದು ಆಕ್ಸಿಜನ್ ಬ್ಲೀಚ್. ಗೀಸರಿನ ಬಿಸಿನೀರನ್ನು ಬಕೆಟ್ಟಿನಲ್ಲಿ ಹೊತ್ತು ತಂದು ಸುರಿಯುವ ಶ್ರಮವೊಂದು ಹೆಚ್ಚು.